ಮುಚ್ಚಿದೆ ಎಂದು ಬೋರ್ಡು ಹಾಕಿದ ಇಡ್ಲಿ ಅಂಗಡಿ

ನಮ್ಮ ಅತ್ತೆಗೆ ಹಟ ಹತ್ತಿತೆಂದರೆ ಅದನ್ನು ಇಳಿಸುವ ಮದ್ದು ಇಡೀ ಕಂಬಂ ಕಣಿವೆಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನೂ ನನ್ನ ಗಂಡನೂ ತಮಿಳುನಾಡಿನ ಚಿನ್ನಮನೂರಿನ ಹೊರಗೆ, ತೇನಿ ರಸ್ತೆಯಲ್ಲಿ, ಇಡ್ಲಿ ಅಂಗಡಿ ಇಡಲು ಹೊರಟಿದ್ದೆವು. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವವರು ಬೆಳಕು ಹರಿಯುವಾಗಲೇ ಅಲ್ಲಿ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಿದ್ದರು. ಒಲೆ, ಪಾತ್ರೆ, ಬೆಂಚು ಎಲ್ಲ ಬಂತು. ಹೆಸರೊಂದು ಬಾಕಿ.

"ನಮ್ ಮಾತಲ್ಲೇ ಇರ್ಬೇಕು" ಎಂದರು ಅತ್ತೆ.

ನಮ್ಮ ಮಾತು ಅಂದರೆ ಮನೆಯೊಳಗಿನ ಕನ್ನಡ. ಹೊಸಿಲು ದಾಟಿದರೆ ತಮಿಳು. ಸಂತೆಯಲ್ಲಿ ನನ್ನ ಜೊತೆ ಮಾತಾಡುವಾಗ ಅತ್ತೆ ದನಿ ತಗ್ಗಿಸುತ್ತಿದ್ದರು, ಯಾರಾದರೂ ತಿರುಗಿ ನೋಡಿ ನಕ್ಕಾರು ಎಂದು. ಅಂಥವರಿಗೆ ಈಗ ಬೀದಿಯ ಬೋರ್ಡಿನ ಮೇಲೆ ನಮ್ಮದೊಂದು ಮಾತು ಬೇಕಾಗಿತ್ತು. ಹೊಸದಾಗಿ ಶುರು ಮಾಡುತ್ತಿದ್ದೇವಲ್ಲ, ಅದಕ್ಕೆ ಬೆಳಗಿನ ಮಾತೇ ಆಗಬೇಕಿತ್ತು.

ನನ್ನ ಗಂಡ 'ಉದಯಂ' ಎಂದರು. ಅದು ರೇಡಿಯೋದವರ ಮಾತು ಎಂದು ಅತ್ತೆ ತಳ್ಳಿಹಾಕಿದರು. ನಾನು 'ಹೊತ್ತಾರೆ' ಎಂದೆ. ಅದನ್ನು ಹೇಳಲು ಹೋಗಿ ಗಿರಾಕಿಗಳ ನಾಲಿಗೆ ಉಳುಕುತ್ತದೆ ಎಂದರು ಗಂಡ. ಹಾಗಾದರೆ 'ನಸುಕು' ಎಂದೆ. ತಮಿಳಿನಲ್ಲಿ ನಸುಕ್ಕು ಅಂದರೆ ಜಜ್ಜು. ಜಜ್ಜಿದ ಇಡ್ಲಿಯನ್ನು ಯಾರು ತಿನ್ನುತ್ತಾರೆ? ನಾವು ನಗುತ್ತಿರುವಾಗಲೇ ಅತ್ತೆ ತೀರ್ಪು ಕೊಟ್ಟರು.

"ಮೂಡಲ್. ಹೊತ್ತು ಮೂಡೋ ದಿಕ್ಕು. ಮುಗೀತು."

ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕುಳಿತರು. ನಮ್ಮಲ್ಲಿ ಮೂಡುವುದೆಂದರೆ ಸೂರ್ಯ ಮೇಲೇಳುವುದು. ತಮಿಳಿನಲ್ಲಿ ಅದೇ ಮಾತಿಗೆ ಮುಚ್ಚುವುದು ಎಂದರ್ಥ.

"ಅಮ್ಮಾ, ಅಂಗ್ಡಿ ತೆರ್ಯೋಕ್ ಮುಂಚೇನೇ ಮುಚ್ಚಿದೆ ಅಂತ ಬರೆಸ್ಲಾ?"

"ಹೊತ್ತು ಅವ್ರನ್ ಕೇಳ್ಕೊಂಡು ಮೂಡ್ತದಾ?"

ಕೊನೆಗೆ ರಾಜಿಯಾಯಿತು. ಪೊಂಗಲ್ ಹಬ್ಬದವರೆಗೆ 'ಮೂಡಲ್' ಇರಲಿ. ಅಷ್ಟರೊಳಗೆ ಜನ ನಗುವುದು ನಿಲ್ಲದಿದ್ದರೆ 'ಉದಯಂ'. ಅತ್ತೆ ಒಪ್ಪಿದರು, ಆದರೆ ಅವತ್ತಿನಿಂದ ಆ ಮಾತು ಉಳಿಯುವುದೇ ಅವರಿಗೆ ಮಾನದ ಪ್ರಶ್ನೆಯಾಯಿತು.

ಬೋರ್ಡು ಬರೆಯುವವನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. ಪಾಪ, ಸಹಾಯ ಮಾಡಲು, ಪಕ್ಕದಲ್ಲೊಂದು ಉದಯಿಸುವ ಸೂರ್ಯನನ್ನು ಬಿಡಿಸಲೇ ಎಂದ. ನಮ್ಮ ಕಡೆ ಅದು ಒಂದು ಪಕ್ಷದ ಚುನಾವಣಾ ಗುರುತು, ಬಿಡಿಸಿದರೆ ಆ ಪಕ್ಷದವರು ಮಾತ್ರ ಇಡ್ಲಿಗೆ ಬರುತ್ತಾರೆ. ಸೂರ್ಯನನ್ನು ಕೈಬಿಟ್ಟೆವು.

ಮೊದಲ ದಿನ ಜನ ಬೋರ್ಡು ಓದಿದರು, ಒಲೆಯ ಹೊಗೆ ನೋಡಿದರು, ತಬ್ಬಿಬ್ಬಾದರು. ಒಬ್ಬರು ಬಾಗಿಲಲ್ಲಿ ಇಣುಕಿ, "ಕಡೈ ಮೂಡಿಯಾಚಾ?" ಅಂಗಡಿ ಮುಚ್ಚಿತಾ ಎಂದು ಕೇಳಿದರು. ಅತ್ತೆ ಹಟಕ್ಕೆ ನಮ್ಮ ಮಾತಿನ ಅರ್ಥವನ್ನೇ ಹಿಡಿದು, ಮುಖವರಳಿಸಿ, "ಮೂಡೈತೆ, ಮೂಡೈತೆ!" ಎಂದರು. ಅವರು ನಮಸ್ಕಾರ ಮಾಡಿ ಹೊರಟೇ ಹೋದರು. ಹೀಗೆ ಬಂದವರನ್ನೆಲ್ಲ ಅತ್ತೆ ಪ್ರೀತಿಯಿಂದ ಓಡಿಸುತ್ತಿರುವುದನ್ನು ಕಂಡು ನಾನು ಅವರನ್ನು ಒಳಗೆ ಚಟ್ನಿ ರುಬ್ಬಲು ಕೂರಿಸಿದೆ. ಬಾಗಿಲಲ್ಲಿ ನಾನೇ ನಿಂತು, "ಬೋರ್ಡು ಮುಚ್ಚಿದೆ, ಒಲೆ ತೆರೆದಿದೆ, ಬನ್ನಿ" ಎಂದು ತಮಿಳಿನಲ್ಲಿ ಕೂಗತೊಡಗಿದೆ. ಮುಚ್ಚಿದ ಅಂಗಡಿಯಲ್ಲಿ ಏನು ಬೇಯುತ್ತದೆ ನೋಡೋಣವೆಂದು ಜನ ತಮಾಷೆಗೆ ಬಂದರು, ಚಟ್ನಿಗಾಗಿ ಮತ್ತೆ ಬಂದರು. ಇಡ್ಲಿಯೂ ಚೆನ್ನಾಗಿತ್ತು, ನಾನೇ ಮಾಡಿದ್ದು.

ವ್ಯಾಪಾರ ಕುದುರಿತು, ನಗು ಮಾತ್ರ ನಿಲ್ಲಲಿಲ್ಲ. ಮಿಲ್ಲಿಗೆ ಹೋದರೂ, ಕ್ಷೌರಕ್ಕೆ ಹೋದರೂ ನನ್ನ ಗಂಡನನ್ನು ಮುಚ್ಚಿದ ಅಂಗಡಿಯವರೇ ಎಂದು ಕರೆಯುತ್ತಿದ್ದರು. ಪೊಂಗಲ್ ಕಳೆದದ್ದೇ ತಡ, ಗಂಡ ಬೋರ್ಡಿನವನನ್ನು ಏಣಿ, ಬಿಳಿ ಬಣ್ಣದ ಸಮೇತ ಕರೆತಂದರು. ಅತ್ತೆ ಜಗಳವಾಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತರು. ಅವರು ಜಗಳವಾಡದಿದ್ದದ್ದು ನನಗೆ ಸಹಿಸಲಾಗಲಿಲ್ಲ.

ಬೋರ್ಡಿನವನು ಏಣಿ ಹತ್ತುವಷ್ಟರಲ್ಲಿ ತೇನಿಯ ಬಸ್ಸು ಬಂತು. ಕಂಡಕ್ಟರ್ ಮೆಟ್ಟಿಲ ಮೇಲೆ ಜೋತುಬಿದ್ದು ಗಂಟಲು ಹರಿಯುವಂತೆ ಕೂಗಿದ: "ಮೂಡಲ್ ಎಲ್ಲಾಂ ಎರಂಗು!"

ಆ ಸ್ಟಾಪಿಗೆ ಮೊದಲು ಹುಣಸೇಮರ ಎನ್ನುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಸ್ಟಾಪು ಹೆಸರಿಲ್ಲದೆ ಉಳಿದಿತ್ತು. ಕಂಡಕ್ಟರ್ ತಮಾಷೆಗೆ ಶುರು ಮಾಡಿದನೋ ಏನೋ, ಇಳಿದವರ ಮುಖದಲ್ಲಿ ತಮಾಷೆಯೇನೂ ಇರಲಿಲ್ಲ. ಊರು ಬಂತೆಂದು ಇಳಿಯುವವರ ಹಾಗೆ ಚೀಲ ಎತ್ತಿಕೊಂಡು ಇಳಿದರು.

"ಏನಂದ ಅವ್ನು?" ಅತ್ತೆ ನನ್ನ ಕೈ ಹಿಡಿದರು.

"ನಮ್ ಮಾತೇ, ಅತ್ತೆ. ಮೂಡಲ್‌ನೋರೆಲ್ಲ ಇಳೀರಿ ಅಂದ."

ಅವರ ಕಣ್ಣು ತುಂಬಿತು, ನನ್ನದೂ. ನನ್ನ ಗಂಡ ಬೋರ್ಡನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿ, ಏಣಿಯ ಮೇಲಿದ್ದವನಿಗೆ ಇಳಿದು ಇಡ್ಲಿ ತಿನ್ನಲು ಹೇಳಿದರು.

ಮರುದಿನ ಅತ್ತೆ ಹೇಳದೆ ಕೇಳದೆ ಮಾಯವಾದರು. ಹುಡುಕಲು ಹೊರಟವಳ ಮುಂದೆ ಬಸ್ಸು ನಿಂತಿತು, ಅದರಿಂದ ಅತ್ತೆ ಇಳಿದರು. ಹಿಂದಿನ ಸ್ಟಾಪಿನವರೆಗೆ ನಡೆದು ಹೋಗಿ, ಅಲ್ಲಿಂದ ಬಸ್ಸು ಹತ್ತಿ ಬಂದಿದ್ದರು. ಕಾಲು ನೋವೇ ಎಂದು ಗಾಬರಿಯಿಂದ ಕೇಳಿದೆ.

"ಕಾಲ್ಗೇನಾಗೈತೆ, ನನ್ ಕಣ್ಣೇ? ಟಿಕೆಟ್ ತಗೊಳ್ಳಾಕ್ ಹೋಗಿದ್ದೆ. 'ಒಂದ್ ಮೂಡಲ್ ಕೊಡಪ್ಪಾ' ಅಂದೆ. ಜೋರಾಗೇ ಅಂದೆ. ಬಸ್ ತುಂಬ ಜನ. ಒಬ್ರೂ ನಗ್ಲಿಲ್ಲ."