ಅವ್ವ ನನಗೆಂದು ಹೆಣೆದ ಸ್ವೆಟರ್

ಹಳಿಯಾಳದ ನಮ್ಮ ಮನೆಯಲ್ಲಿ ಹೊಸ ವರ್ಷ ಅಂದರೆ ಕೇಕು ಗೀಕು ಏನಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಆ ವರ್ಷ ಏನೇನು ಹೆಣೆಯಬೇಕು ಎಂದು ಅದರ ಬೆನ್ನಿಗೆ ನಾನೂ ಅವ್ವನೂ ಬರೆದಿಡುತ್ತಿದ್ದೆವು, ಅಷ್ಟೇ. ನನ್ನ ಪಟ್ಟಿ ಉದ್ದ: ಶಾಲು, ಕಿವಿಟೋಪಿ, ಕಾಲುಚೀಲ, ಕೊನೆಗೆ ‘ಇದ್ದದ್ದು ಮುಗಿಯುವ ತನಕ ಹೊಸ ಉಲ್ಲನ್ ಕೊಳ್ಳಬಾರದು’. ಮುಂಡಗೋಡಕ್ಕೆ ಹೋದ ದಿನವೇ ಅದು ಮುರಿಯುತ್ತಿತ್ತು. ಅಲ್ಲಿನ ಟಿಬೆಟನ್ ಕ್ಯಾಂಪಿನ ಉಲ್ಲನ್ ಅಂಗಡಿಗಳಲ್ಲಿ ಆ ಬಣ್ಣಗಳನ್ನು ನೋಡಿಯೂ ಬರಿಗೈಲಿ ಬರುವುದು ನನ್ನಿಂದಾಗದ ಮಾತು.

ಹೋದ ವರ್ಷ ಅವ್ವ ಒಂದೇ ಒಂದು ಬರೆಸಿದಳು.

“ನಿನಗೊಂದು ಸ್ವೆಟರ್ ಅಂತ ಬರಿ. ಊರ ಮಂದಿಗೆಲ್ಲಾ ಹೆಣದು ಕೊಟ್ಟೇನಿ, ನಿನಗ ಒಂದೂ ಹೆಣದಿಲ್ಲ.”

“ಈಗ ಯಾಕ ಬೇ? ಕಣ್ಣು ಕಾಣಂಗಿಲ್ಲ, ಸುಮ್ನ ಕುಂಡ್ರು.”

“ನನ್ನ ಕೈಗೆ ಕಣ್ಣು ಅದಾವ. ನೀ ಬರಿ.”

ಆದರೆ ಕೈಗೂ ಮರೆವು ಬಂದಿತ್ತು. ಒಂದು ಸಾಲು ಸುಲ್ಟಾ ಹೆಣಿಗೆ, ಒಂದು ಸಾಲು ಉಲ್ಟಾ ಹೆಣಿಗೆ, ಅಷ್ಟರಲ್ಲೇ ತಪ್ಪುತ್ತಿದ್ದಳು. ಕುಣಿಕೆ ಜಾರಿ ತೂತು ಬೀಳುತ್ತಿತ್ತು. ನನಗೋ ತಪ್ಪು ಹೆಣಿಗೆ ಕಂಡರೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಗುರುತಿಲ್ಲದವರ ಸ್ವೆಟರ್ ಹಿಡಿದು ‘ಇಲ್ಲಿ ಬಿಟ್ಟೀರಿ ನೋಡ್ರಿ’ ಅಂದವಳು ನಾನು. ಅವ್ವ ಮಧ್ಯಾಹ್ನ ಉಂಡು ಅಡ್ಡಾದಾಗ, ಬೆಳಿಗ್ಗೆ ಆಕೆ ಹೆಣೆದದ್ದನ್ನು ಬಿಚ್ಚಿ, ಅಷ್ಟೇ ಸಾಲು ಸರಿಯಾಗಿ ಹೆಣೆದು, ಕಡ್ಡಿಗಳನ್ನು ಮೊದಲಿನ ಹಾಗೇ ಬುಟ್ಟಿಯಲ್ಲಿಡುತ್ತಿದ್ದೆ. ದಿನಾ ಇದೇ. ಏನು ಹೇಳಲಿ ನನ್ನ ಶಾಣ್ಯಾತನ!

“ನೋಡು, ಹೆಂಗ ಬರಾಕತ್ತೈತಿ!” ಎಂದು ಅವ್ವ ಹಿಗ್ಗುತ್ತಿದ್ದಳು. ಅದನ್ನು ನೋಡಿ ನಾನೂ ಹಿಗ್ಗುತ್ತಿದ್ದೆ.

ಬೆನ್ನು, ಎದೆ, ಒಂದು ತೋಳು ಮುಗಿದವು. ಎರಡನೇ ತೋಳು ಅರ್ಧಕ್ಕೆ ಬಂದಿತ್ತು. ಆವತ್ತು ಮಧ್ಯಾಹ್ನ ತಲೆ ಎತ್ತಿದರೆ ಅವ್ವ ಹಾಸಿಗೆಯಲ್ಲಿ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಾಳೆ. ಬಿಚ್ಚಿದ ನೂಲೆಲ್ಲ ನನ್ನ ಉಡಿಯಲ್ಲಿತ್ತು.

“ದಿನಾ ಬಿಚ್ಚತಿದ್ದೆಲಾ?”

“ಸ್ವಲ್ಪ ತಪ್ಪಿತ್ತು ಬೇ...”

“ನಾ ಬಿಗಿ ಹೆಣೀತೇನಿ. ಇದು ಸಡಲ ಐತೆಲ್ಲಾ, ಯಾಕಿರಬೇಕು ಅಂತಿದ್ದೆ.” ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚಲೋ ಇತ್ತು. “ಹಂಗಾರ ನೀನ ಮುಗಸು,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಆಮೇಲೆ ಅವ್ವ ಕಡ್ಡಿ ಮುಟ್ಟಲಿಲ್ಲ. ಹೊಸ ಉಲ್ಲನ್ ತಂದು ಮುಂದಿಟ್ಟೆ. ಹೆಂಗರ ಹೆಣಿ, ನಾ ಮುಟ್ಟಂಗಿಲ್ಲ ಎಂದು ಅತ್ತು ಆಣೆ ಮಾಡಿದೆ. “ಸಾಕಾತು ಬಿಡವಾ” ಅನ್ನುತ್ತಿದ್ದಳು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಹೋಗಿಬಿಟ್ಟಳು. ಉಳಿದ ಅರ್ಧ ತೋಳನ್ನು ನಾನೇ ಮುಗಿಸಿದೆ.

ಈ ಜನವರಿ ಒಂದಕ್ಕೆ ಪಟ್ಟಿ ಬರೆಯಲು ಕೂತೆ. ಒಂದಕ್ಷರ ಮೂಡಲಿಲ್ಲ. ಹಾಳೆ ಅತ್ತ ಸರಿಸಿ, ಸ್ವೆಟರನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹರವಿ ಸಾಲು ಸಾಲೂ ಬೆರಳಾಡಿಸಿದೆ. ಎಲ್ಲಾದರೂ ಒಂದು ಬಿಗಿ ಕುಣಿಕೆ, ನನ್ನ ಕಣ್ಣು ತಪ್ಪಿಸಿಕೊಂಡ ಒಂದು ತೂತು. ಅವ್ವನ ಕೈಯದು ಅಂತ ಅಷ್ಟಾದರೂ ನನಗೆ ಬೇಕಿತ್ತು. ಬೆನ್ನು ನೋಡಿದೆ, ಎದೆ ನೋಡಿದೆ, ತೋಳು ತಿರುವಿ ಹಾಕಿ ನೋಡಿದೆ. ನನ್ನ ಕೈ ಸೇದಿಹೋಗಲಿ, ಎಲ್ಲೂ ಒಂದನ್ನೂ ಉಳಿಸಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಬಂದು ಕಟ್ಟೆಯ ಮೇಲೆ ಕೂತರು. ಅವ್ವನ ಜತೆ ದಿನಾ ಕೂತು ಹರಟುತ್ತಿದ್ದವರು. ಸ್ವೆಟರ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನಿಮ್ಮವ್ವ ಹೆಣದದ್ದಲ್ಲಾ ಇದು? ಆ ವಯಸ್ಸಿನ್ಯಾಗ, ಒಂದರ ತಪ್ಪೈತೇನು ನೋಡವಾ!”

“ಇಲ್ರಿ ಕಾಕು,” ಅಂದೆ. “ಒಂದೂ ಇಲ್ರಿ.”