ಹಸಿರಾದ ಸಾಲು, ಟ್ಯಾಂಕಿನೊಳಗಿನ ಜನ

ನಾನು ಮೌಸ್ ಒತ್ತಿದ ಕೂಡಲೇ ಕಂಪ್ಯೂಟರ್ ಪರದೆಯಲ್ಲಿ ‘ಟ್ಯಾಂಕ್ ಕ್ಲೀನಿಂಗ್’ ಎಂಬ ಸಾಲು ಹಸಿರಾಯಿತು. ಕ್ಲೀನಿಂಗ್ ಮುಗಿಯಿತು, ವೆಲ್ಡಿಂಗ್ ಶುರು ಮಾಡಬಹುದು ಎಂಬ ಸಂದೇಶ ತಾನಾಗಿಯೇ ವೆಲ್ಡರ್ ಶರಣಪ್ಪನವರ ಮೊಬೈಲಿಗೆ ಹೋಯಿತು. ನಾನು ಒತ್ತಬೇಕಿದ್ದದ್ದು ಅದರ ಮೇಲಿನ ಸಾಲನ್ನು. ಟ್ಯಾಂಕಿನೊಳಗೆ ಇನ್ನೂ ಇಬ್ಬರು, ಥಟ್ಟನೆ ಬೆಂಕಿ ಹಿಡಿಯುವ ಥಿನ್ನರ್ ಹಾಕಿ ಒರೆಸುತ್ತಿದ್ದರು. ಒಂದು ಕಿಡಿ ಹಾರಿದರೆ ಸಾಕಿತ್ತು.

ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಗೆ ಆ ಸಾಫ್ಟ್‌ವೇರ್ ಬಂದು ನಾಲ್ಕೇ ದಿನವಾಗಿತ್ತು. ಇಪ್ಪತ್ತೆರಡು ವರ್ಷ ಕೆಲಸದ ರಿಜಿಸ್ಟರ್ ಬರೆದ ನನಗೆ, ಹಾಕಿದ ಗುರುತನ್ನು ತೆಗೆಯುವುದು ಹೇಗೆಂದು ಗೊತ್ತಿರಲಿಲ್ಲ. ಶರಣಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೇಜಿನಡಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಓಡಿದೆ.

ಶರಣಪ್ಪ ಟ್ಯಾಂಕಿನ ಬಾಯಿಯ ಬಳಿ ಸುಮ್ಮನೆ ಕುಳಿತಿದ್ದರು. ಮಷಿನ್ನಿನ ಸ್ವಿಚ್ ಹಾಕಿರಲಿಲ್ಲ.

“ಹಸ್ರು ಬಂದದ ಖರೇ ರೀ ಮೇಡಂ. ಆದ್ರ ಒಳಗ ಮಂದಿ ಮಾತಾಡೋದು ಕೇಳ್ತು, ಅದಕ್ಕ ಕುಂತೀನಿ,” ಎಂದರು ಆ ಕಲಬುರಗಿಯವರು.

“ನಂದೇ ತಪ್ಪು ಮಾರಾಯ್ರೆ,” ಎಂದು ನಾನು ಅಲ್ಲೇ ಕುಳಿತೆ. ಅವರು ತಮ್ಮ ಬಾಟಲಿಯ ನೀರು ಕೊಟ್ಟರು. ಗಟಗಟನೆ ಕುಡಿಯುವಾಗ ಅರ್ಧ ಸೀರೆಯ ಮೇಲೆ ಚೆಲ್ಲಿತು.

ತಪ್ಪು ತಿದ್ದುವ ಬಟನ್ ಎಲ್ಲಿದೆ ಎಂದು ಈಗ ಗೊತ್ತು. ಆದರೂ ಕ್ಲೀನಿಂಗ್ ಮುಗಿಯಿತೆಂದು ಗುರುತು ಹಾಕುವ ಮುನ್ನ ಎದ್ದು ಹೋಗಿ, ಟ್ಯಾಂಕಿನೊಳಗೆ ಬಗ್ಗಿ “ಯಾರಾದ್ರೂ ಇದ್ದೀರಾ?” ಎಂದು ಕೂಗುತ್ತೇನೆ. ಉತ್ತರ ಬಾರದಿದ್ದರೂ ಟಾರ್ಚ್ ಹಾಕಿ ನೋಡದೆ ಹಿಂದಿರುಗುವುದಿಲ್ಲ.