ಯಂತ್ರ ದುಡಿದ ಹೊತ್ತು

ಚಳ್ಳಕೆರೆಯ ಆ ಸೀರೆ ಅಂಗಡಿಯ ಮುಂದೆ ಬಸ್ಸು ಹೋದರೆ ನಾನು ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಜೋಡಿ ಹಂಸದ ಅಂಚು ನನ್ನದು. ತಲೆ ಕೆಡಿಸಿಕೊಂಡು ನಾನೇ ಕಾಗದದ ಮೇಲೆ ಗೀಚಿದ್ದು. ಮೊಳಕಾಲ್ಮೂರಿನ ನನ್ನ ಮಗ್ಗದಿಂದ ಅದು ಇಳಿಯುವ ಮೊದಲೇ ಆ ಅಂಗಡಿಯ ಗಾಜಿನೊಳಗೆ ಬೇರೆಯವರ ಸೀರೆಯಾಗಿ ನೇತಾಡುತ್ತಿತ್ತು. ಹಂಸದ ಕೊಕ್ಕನ್ನಷ್ಟೇ ಬಗ್ಗಿಸಿದ್ದರು. ನನ್ನ ಕಣ್ಣಿಗೆ ಮಣ್ಣೆರಚಲು ಅಷ್ಟು ಸಾಕೆಂದುಕೊಂಡಿರಬೇಕು.

ಇದು ಎರಡು ಸಾವಿರದ ನಾಲ್ಕರ ಮಾತು. ಅಷ್ಟೊತ್ತಿಗೆ ಅಂಚು ಬರೆಯುವ ಕೆಲಸ ಕಂಪ್ಯೂಟರಿಗೆ ಹೋಗಿತ್ತು. ನಾವು ಗೀಚಿದ್ದನ್ನು ಓಂಕಾರಮೂರ್ತಿಯ ಅಂಗಡಿಗೆ ಕೊಟ್ಟರೆ, ಅಲ್ಲಿ ಕೆಲಸಕ್ಕಿದ್ದ ವಾಣಿಶ್ರೀ ಅದನ್ನು ಯಂತ್ರದಲ್ಲಿ ಬರೆದು, ಅಂಚಿನ ಎಳೆ ಎತ್ತಿಸುವ ಮಗ್ಗದ ರಟ್ಟುಗಳಲ್ಲಿ ಎಲ್ಲೆಲ್ಲಿ ತೂತು ಬೀಳಬೇಕೆಂದು ತೆಗೆದುಕೊಡುತ್ತಿದ್ದಳು. ಪರಶುರಾಂಪುರದ ಶೇಂಗಾ ವ್ಯಾಪಾರಿ ಜಂಬುಲಿಂಗಪ್ಪನ ಮಗಳು. ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕಲಿತು, ನಮ್ಮೂರಿನ ಸೋದರತ್ತೆಯ ಮನೆಯಲ್ಲಿದ್ದಳು. ಬಾಯಿ ಜೋರು. ನೇಕಾರರು ತಂದ ಚಿತ್ರ ಸೊಟ್ಟಗಿದ್ದರೆ "ಏನಣ್ಣ, ಇದು ನವಿಲೋ, ನಾಯಿ ಕಚ್ಚಿದ ಕೋಳಿಯೋ" ಎಂದು ಎದುರಿಗೇ ಕೇಳುವಳು. ಆದರೆ ಬರೆಯುವ ಮೊದಲು ಹಳೆಯ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಅದಕ್ಕೇ ನಾನು ಅವಳ ಕೈಗೆ ಕೊಟ್ಟಿದ್ದು.

ಮಗ್ಗಕ್ಕೆ ಏರಿಸಿದ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಸೀರೆ ಇಳಿಯುವ ತನಕ ನಾವು ಕತ್ತರಿಸುವುದಿಲ್ಲ. ಓಂಕಾರಮೂರ್ತಿ ಅದೇ ಕಟ್ಟಳೆಯನ್ನು ಕಂಪ್ಯೂಟರಿಗೂ ತಂದಿದ್ದ. ಊದುಬತ್ತಿ ಬೆಳಗಿ ಒಬ್ಬರ ಅಂಚಿಗೆಂದು ಪ್ರೋಗ್ರಾಮ್ ತೆರೆದರೆ, ಅವರ ಸೀರೆ ಇಳಿಯುವವರೆಗೆ ಮುಚ್ಚುವಂತಿಲ್ಲ. ಇನ್ನೊಬ್ಬರಿಗೆ ಇನ್ನೊಂದು ತೆರೆಯಬೇಕು. ಕರೆಂಟು ಹೋದರೂ ಆರದಿರಲೆಂದು ಲಾರಿ ಬ್ಯಾಟರಿ ಕಟ್ಟಿಸಿದ್ದ.

ಗಾಜಿನೊಳಗಿನ ಸೀರೆ ಕಂಡ ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ನುಗ್ಗಿದೆ. ನಾನು ಬಾಯಿ ತೆರೆದು ಮುಗಿಸುವ ಮೊದಲೇ ಓಂಕಾರಮೂರ್ತಿ ಅವಳ ಕಡೆ ಬೆರಳು ಮಾಡಿದ.

"ನಿನ್ನ ಹಂಸ ಎಲ್ಡು ವಾರದಿಂದ ಕಂಪ್ಯೂಟರ್‌ನಾಗೆ ತೆರೆದೇ ಐತೆ ಕಣಲೇ ಯರ್ರಪ್ಪ. ಇಷ್ಟು ದಿನ ಏನ್ ಮಾಡ್ತಿದ್ಲು? ಇಲ್ಲೇ ಕೊಕ್ಕು ಬಗ್ಗಿಸಿ ಇನ್ನೊಂದು ಮಾಡ್ಯಾಳೆ."

ವಾಣಿಶ್ರೀ ಬಿಳಿಚಿಕೊಂಡಳು. ಕಳ್ಳಿ ಎಂಬ ಹೆಸರು ಹತ್ತಿದರೆ ಈ ಸೀಮೆಯ ಯಾವ ನೇಕಾರನೂ ಅವಳಿಗೆ ಚಿತ್ರ ಕೊಡುವುದಿಲ್ಲ.

"ತೆರೆದಿಟ್ಟ ಹೊತ್ತೇ ಬೇರೆ, ಯಂತ್ರ ದುಡಿದ ಹೊತ್ತೇ ಬೇರೆ ಮೂರ್ತಣ್ಣ" ಎಂದು ಮೂರು ಗುಂಡಿ ಒಟ್ಟಿಗೆ ಒತ್ತಿದಳು. ಪರದೆಯ ಮೇಲೆ ಒಂದು ಪಟ್ಟಿ ಬಂತು. ಒಂದೊಂದು ಪ್ರೋಗ್ರಾಮಿಗಾಗಿ ಸಿಪಿಯು, ಅಂದರೆ ಯಂತ್ರದ ಮಿದುಳು, ಎಷ್ಟು ಹೊತ್ತು ದುಡಿದಿದೆ ಎಂಬುದು ಅದರಲ್ಲಿ ಬರುತ್ತದಂತೆ. ನನ್ನ ಹಂಸದ ಎದುರು ಬರೀ ಅರ್ಧ ಗಂಟೆ ಚಿಲ್ಲರೆ.

"ಯರ್ರಪ್ಪಣ್ಣ, ನೀವು ಬೆಳಗಿಂದ ಮಗ್ಗದ ಗುಂಡಿಯಾಗೆ ಕುಂತಿರ್ತೀರಿ. ಬೀಡಿ ಸೇದಿದ್ದು, ಎಳೆ ಕಟ್ಟಿದ್ದು ಬಿಟ್ಟು ಲಾಳಿ ಓಡಿದ್ದಷ್ಟೇ ಎಣಿಸಿದ್ರೆ ಎಷ್ಟಾಗ್ತದೆ? ಇದು ಆ ಲೆಕ್ಕ. ಕೊಕ್ಕು ಬಗ್ಗಿಸಿದ್ರೂ ರಟ್ಟಿನ ತೂತೆಲ್ಲ ಮೊದಲಿಂದ ತೆಗೀಬೇಕು. ಇನ್ನೊಂದು ಹಂಸ ಇದ್ರಾಗೇ ಮಾಡಿದ್ರೆ ಇದು ಎಲ್ಡರಷ್ಟು ಇರ್ಬೇಕಿತ್ತು."

"ಲೆಕ್ಕ ಹೇಳೋದೂ ಅದೇ ಯಂತ್ರ ತಾನೆ? ನೀನು ಕಲಿಸಿದಂಗೆ ಹೇಳ್ತದೆ" ಎಂದೆ.

"ಹಂಗಾದ್ರೆ ಕುಂತು ನೋಡ್ರಿ."

ಹೊಸದಾಗಿ ಪ್ರೋಗ್ರಾಮ್ ತೆರೆದು ಅದೇ ಅಂಚನ್ನು ಮೊದಲಿಂದ ಬರೆಯತೊಡಗಿದಳು. ಅವಳು ಕೈಕಟ್ಟಿ ಕೂತರೆ ಅಂಕಿಯೂ ನಿಂತುಬಿಡುತ್ತಿತ್ತು. ಕೆಲಸ ಹೇಳಿದರೆ ಓಡುತ್ತಿತ್ತು. ನಾನು ಊಟಕ್ಕೂ ಏಳಲಿಲ್ಲ. ರಟ್ಟಿನ ತೂತುಗಳೆಲ್ಲ ಮುಗಿದಾಗ ನೋಡಿದರೆ, ಅಂಕಿ ಮೊದಲಿನದರ ಪಕ್ಕಕ್ಕೇ ಬಂದು ನಿಂತಿತ್ತು.

ಸಿಟ್ಟು ಇಳಿಯಿತು, ಅನುಮಾನ ಇಳಿಯಲಿಲ್ಲ.

"ಫ್ಲಾಪಿಗೆ ತುಂಬ್ಕೊಂಡು ಹೋಗಿ ಬೇರೆ ಕಡೆ ಕೊಕ್ಕು ಬಗ್ಗಿಸಿದ್ರೆ? ಅದು ಇದ್ರಾಗೆ ಕಾಣ್ತದಾ?"

ಕಾಣುತ್ತದೆ ಎಂದಿದ್ದರೆ ನಮಗೇನು ತಿಳಿಯುತ್ತಿತ್ತು? ಅವಳು ಸುಳ್ಳು ಹೇಳಲಿಲ್ಲ.

"ಇಲ್ಲಣ್ಣ. ತುಂಬ್ಕೊಳ್ಳಾಕೆ ಮಿದುಳು ದುಡಿಯೋದು ಕಣ್ಣು ಮಿಟುಕಿಸಿದಷ್ಟು. ಅದು ಲೆಕ್ಕಕ್ಕೆ ಸಿಗಲ್ಲ."

"ನೋಡಿದ್ಯಾ, ಅವಳ ಬಾಯಿಂದ್ಲೇ ಬಂತು" ಎಂದ ಓಂಕಾರಮೂರ್ತಿ.

ಅಂಗಡಿಯ ಫ್ಲಾಪಿಗಳು ಬೀಗ ಹಾಕಿದ ಡಬ್ಬದಲ್ಲಿದ್ದವು. ಬೀಗದ ಕೈ ಅವನ ಉಡಿದಾರದಲ್ಲಿತ್ತು. ಅದನ್ನೂ ನೋಡಿದೆ. ಆದರೆ ಚಳ್ಳಕೆರೆಯಲ್ಲಿ ಫ್ಲಾಪಿ ಯಾರಿಗೆ ಬೇಕಾದರೂ ಸಿಗುತ್ತದೆ, ಅವಳಿಗೂ.

ವಾಣಿಶ್ರೀ ಅಂಗಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಚಳ್ಳಕೆರೆಯ ಕೋರ್ಟಿನ ಹತ್ತಿರ ಅರ್ಜಿ ಟೈಪು ಮಾಡುವ ಅಂಗಡಿ ಸೇರಿದಳು. ಆಮೇಲೆ ಒಂದು ಅಂಚನ್ನೂ ಬರೆಯಲಿಲ್ಲ. ಓಂಕಾರಮೂರ್ತಿ ಅದೇ ವಾರ ಕಂಪ್ಯೂಟರ್ ಬದಲಿಸಿದ. ಯಾಕೆಂದು ಕೇಳಿದರೆ, ಹಳತಾಯಿತು ಎಂದ. ಹಳತಾದ ಯಂತ್ರಕ್ಕೆ ಹೊಸ ಬ್ಯಾಟರಿ ಯಾಕೆ ಕಟ್ಟಿಸಿದೆ ಎಂದು ನಾನು ಕೇಳಿದ್ದಕ್ಕೆ ಎದ್ದು ಒಳಗೆ ಹೋದ.

ಹೊಸ ಅಂಚಿನ ಮೊದಲ ಸೀರೆ ಇಳಿದಾಗ, ಅದೇ ಹಾಸಿನಲ್ಲಿ ನೇಯ್ದ ರವಿಕೆ ಕಣ ಅಂಚು ಬರೆದವರಿಗೆ ಸೇರಬೇಕು. ನಮ್ಮ ಅಪ್ಪನ ಕಾಲದಿಂದ ಬಂದ ಪದ್ಧತಿ. ನನ್ನ ಸೀರೆ ಇಳಿದ ಮೇಲೆ ಕಣವನ್ನು ಚಳ್ಳಕೆರೆಗೆ ಒಯ್ದೆ. ಅವಳು ಅಂಚನ್ನು ಬೆರಳಲ್ಲಿ ಉಜ್ಜಿದಳು.

"ಯಾರಿಗ್ರೀ ಇದು? ಬರೆದೋಳಿಗಾ, ಕದ್ದೋಳಿಗಾ?"

"ಬರೆದೋಳಿಗೆ ತಾಯಿ."

"ಹಂಗಾದ್ರೆ ಕದ್ದಿಲ್ಲ ಅಂತ ಒಂದು ಮಾತು ಹೇಳಿ ಕೊಡ್ರಿ."

"ನಂಗೆ ಗೊತ್ತಿಲ್ಲದ್ದನ್ನ ಹೆಂಗೆ ಹೇಳ್ಲಿ?" ನನ್ನ ದನಿ ಏರಿತು.

ಅವಳು ಕಣವನ್ನು ಮಡಚಿ ನನ್ನ ಚೀಲದೊಳಗಿಟ್ಟು, ಕಾದು ನಿಂತಿದ್ದವನ ಅರ್ಜಿ ಟೈಪು ಮಾಡತೊಡಗಿದಳು.

ಕಣ ನನ್ನ ಟ್ರಂಕಿನಲ್ಲಿದೆ. ಹೊಲಿಸಿಕೊಳ್ಳುತ್ತೇನೆಂದು ಹೆಂಡತಿ ಕೇಳಿದರೂ ಕೊಟ್ಟಿಲ್ಲ. ಅದು ವಾಣಿಶ್ರೀಗೆ ಸೇರಬೇಕಾದ್ದು, ಸೇರಿಲ್ಲ.